ನೀರು ಬಂತು, ರೈಲು ಎಲ್ಲಿ?

ಬೆಂಗಳೂರಿನಲ್ಲಿ ಬದುಕು ಕಟ್ಟಿಕೊಂಡಿರುವ ಕನ್ನಡದ ತರುಣ ತರುಣಿಯರೇ, ನಿಮಗೊಂದು ಪ್ರಶ್ನೆ. ಬೆಂಗಳೂರಿನಿಂದ ಮೈಸೂರಿಗೆ ಎಷ್ಟು ದೂರ?

ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 127 ಕಿಲೋಮೀಟರ್. ವಿಮಾನಕ್ಕೆ ಇದೇನು ಮಹಾ ದೂರ ಎನ್ನುತ್ತೀರಿ. ಆದರೆ ವಿಮಾನ ಮೆಜೆಸ್ಟಿಕ್‌ನಿಂದ ಏಳುವುದಿಲ್ಲವಲ್ಲ! ಮೈಸೂರು ಇರುವುದು ನೈಋತ್ಯಕ್ಕೆ, ನೀವು ಮೊದಲು ಓಡಬೇಕಾದದ್ದು ಉತ್ತರದ ದೇವನಹಳ್ಳಿಗೆ. ಅಲ್ಲಿಂದ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ಆಕಾಶದಲ್ಲೇ 150 ಕಿಲೋಮೀಟರ್ ದಾಟುತ್ತದೆ. ನಿಲ್ದಾಣ ಸೇರಿ, ತಪಾಸಣೆ ಮುಗಿಸಿ ನೀವು ಸೀಟಿನಲ್ಲಿ ಕೂರುವ ಹೊತ್ತಿಗೆ, ಮನೆಯಿಂದ ನಿಮ್ಮ ಜೊತೆಗೇ ಹೊರಟು ರೈಲು ಹತ್ತಿದವನು ಮಂಡ್ಯದ ಹತ್ತಿರ ಇರುತ್ತಾನೆ. ಗೆರೆಯ ಲೆಕ್ಕವೇ ಬೇರೆ, ಬದುಕಿನ ಲೆಕ್ಕವೇ ಬೇರೆ.

2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲೇ ನಿಂತು ಪ್ರಧಾನಿಯವರು ಹತ್ತು ಪಥದ ಹೆದ್ದಾರಿಯನ್ನು ಉದ್ಘಾಟಿಸಿದರು. 118 ಕಿಲೋಮೀಟರ್, ಸುಮಾರು 8,480 ಕೋಟಿ ರೂಪಾಯಿ. ಮೂರು ಗಂಟೆಯ ಹಾದಿ 75 ನಿಮಿಷಕ್ಕೆ ಇಳಿಯಿತು ಎಂದು ಸಾರಿದರು. ಒಳ್ಳೆಯದೇ. ಆದರೆ ಈ 75 ನಿಮಿಷ ಯಾರದು? ಮಂಡ್ಯ ಪಕ್ಕಕ್ಕೆ ಸರಿಯಿತು, ಮದ್ದೂರು ಸೇತುವೆಯ ಕೆಳಗುಳಿಯಿತು. ವಡೆ ಮಾರುವವನ ಮುಂದೆ ನಿಲ್ಲುತ್ತಿದ್ದ ಕಾರು ಈಗ ತಲೆಯ ಮೇಲೆ ಹಾರುತ್ತಿದೆ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅಲ್ಲಿ ಪ್ರವೇಶವಿಲ್ಲ. ವೇಗದ ರಸ್ತೆಯಲ್ಲಿ ಅವು ಅಪಾಯವೇ, ಒಪ್ಪೋಣ. ಆದರೆ ಕಬ್ಬು ಹೇರಿಕೊಂಡ ರೈತನ ಸಮಯ ಎಷ್ಟು ಉಳಿಯಿತೆಂದು ಯಾರೂ ಲೆಕ್ಕ ಹಾಕಲಿಲ್ಲ.

ಇದೇ ಜಿಲ್ಲೆಯ ಮಳವಳ್ಳಿಗೆ ಬನ್ನಿ. ಇಲ್ಲಿ ರೈಲೇ ಇಲ್ಲ! ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ರೈಲು ಮಾರ್ಗಕ್ಕೆ 1996-97ರಲ್ಲೇ ಮಂಜೂರಾತಿ ಸಿಕ್ಕಿತು. ಆ ವರ್ಷ ಹುಟ್ಟಿದ ಮಗು ಇವತ್ತು ನಿಮ್ಮ ಪಕ್ಕದಲ್ಲೇ ಕೆಲಸ ಮಾಡುತ್ತಿರಬಹುದು. ಮಳವಳ್ಳಿಗೆ ಹಳಿ ಮಾತ್ರ ಬಂದಿಲ್ಲ.

ಮಳವಳ್ಳಿ ದೂರ ಎನ್ನಬೇಡಿ. 1902ರಲ್ಲೇ ಈ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಹತ್ತಿ ಬರುವ ಕಾವೇರಿ ನೀರನ್ನೇ ಬೆಂಗಳೂರು ಕುಡಿಯುತ್ತಿದೆ. ಕರೆಂಟಿಗೆ ದೂರವಾಗದ ಊರು, ನೀರಿಗೆ ದೂರವಾಗದ ಊರು, ರೈಲಿಗೆ ಮಾತ್ರ ದೂರವಾಯಿತೇ?

ಗೆಳೆಯರೇ, ಹಬ್ಬಕ್ಕೆ ಊರಿಗೆ ಹೋಗಲು ಬಸ್ಸಿನಲ್ಲಿ ನಿಂತೇ ಹೋಗುವವರು ನೀವು. ಮುಂದಿನ ಸಲ ಓಟು ಕೇಳಲು ಬಂದವರು ಎರಡು ನಗರಗಳ ನಡುವಿನ ನಿಮಿಷಗಳ ಲೆಕ್ಕ ಒಪ್ಪಿಸಿದರೆ, ತಲೆಯಾಡಿಸಿ ಸುಮ್ಮನಾಗಬೇಡಿ. ಬೆಳಿಗ್ಗೆ ಕುಡಿದ ನೀರನ್ನು ನೆನೆದು ಒಂದೇ ಮಾತು ಕೇಳಿ: ಮಳವಳ್ಳಿಗೆ ರೈಲು ಯಾವಾಗ?