ಹೊರಳದ ನಾಲಿಗೆ

ಉತ್ತರ ಭಾರತದಿಂದ ವರ್ಗವಾಗಿ ಬೆಂಗಳೂರಿಗೆ ಬಂದ ಅಧಿಕಾರಿಯೊಬ್ಬರು ಉತ್ಸಾಹದಿಂದ ಕನ್ನಡ ಕಲಿಯತೊಡಗಿದರೆನ್ನಿ. ‘ನಿನ್ನೆ ಹಳ್ಳಿಗೆ ಹೋಗಿದ್ದೆ’ ಎನ್ನಬೇಕಾದಲ್ಲಿ ಅವರು ‘ಹಲ್ಲಿಗೆ ಹೋಗಿದ್ದೆ’ ಎನ್ನುತ್ತಾರೆ. ನೆರೆಮನೆಯ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ‘ಪಾಪ, ಅವರಿಗೆ ನಾಲಿಗೆ ಹೊರಳದು’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಮರುದಿನದಿಂದ ಅವರು ಇಂಗ್ಲಿಷಿಗೆ ಶರಣಾದರೆ ಆಶ್ಚರ್ಯವೇನು? ಆದರೆ ತಪ್ಪು ನಿಜವಾಗಿ ನಾಲಿಗೆಯದೇ?

ಮೊದಲ ಸಾಕ್ಷ್ಯ ದೊರೆತುದು ಕೂಸುಗಳಿಂದ. ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಮಾತಿನ ಆರೆಂಟು ತಿಂಗಳ ಶಿಶುಗಳು ಹಿಂದಿಯ ತಕಾರ ಟಕಾರಗಳ ಭೇದವನ್ನು ಸುಲಭವಾಗಿ ಗುರುತಿಸಿದುವು. ಹತ್ತು ಹನ್ನೆರಡು ತಿಂಗಳ ಶಿಶುಗಳಲ್ಲಿ ಹೆಚ್ಚಿನವಕ್ಕೆ ಅದು ಸಾಧ್ಯವಾಗಲಿಲ್ಲ. ಮೊದಲ ಮಾತು ತುಟಿಯ ಮೇಲೆ ಮೂಡುವ ಹೊತ್ತಿಗೇ ಕಿವಿಯು ಮನೆಯ ಭಾಷೆಗೆ ಪಕ್ಷಪಾತಿಯಾಗಿರುತ್ತದೆ!

ಇನ್ನು ಬಾಯೊಳಗಿನ ವ್ಯಾಪಾರ. ಅದನ್ನು ಕಣ್ಣಾರೆ ಕಾಣುವ ಹಂಬಲ ಹೊಸದಲ್ಲ. ಇಂಗ್ಲೆಂಡಿನ ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ ಅವರು ನಾಲಿಗೆಯ ಮೇಲೆ ಲೋಹದ ಕಿರು ಸರಪಣಿಯನ್ನಿಟ್ಟು ತೆಗೆದ ಕ್ಷ-ಕಿರಣ ಚಿತ್ರಗಳು 1917ರಲ್ಲೇ ಪ್ರಕಟವಾದುವು. ಆದರೆ ಆ ಕಿರಣಗಳಿಗೆ ಬಹಳ ಹೊತ್ತು ಮೈಯೊಡ್ಡುವುದು ಅಪಾಯಕರ. ಬಲವಾದ ಅಯಸ್ಕಾಂತದಿಂದ ಕೆಲಸ ಮಾಡುವ ಎಂ.ಆರ್.ಐ. ಯಂತ್ರಕ್ಕೆ ಆ ದೋಷವಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಶ್ರೀಕಾಂತ್ ನಾರಾಯಣನ್ ಮತ್ತು ಸಂಗಡಿಗರು, ವ್ಯಕ್ತಿಯು ಮಾತನಾಡುತ್ತಿರುವಾಗಲೇ ಅವನ ತುಟಿ, ನಾಲಿಗೆ, ಅಂಗುಳ, ಗಂಟಲುಗಳ ಚಲನಚಿತ್ರವನ್ನು ಪಡೆಯುವ ವಿಧಾನವನ್ನು 2004ರಲ್ಲಿ ವಿವರಿಸಿದರು. ಸುರಂಗದಂಥ ಯಂತ್ರದಲ್ಲಿ, ಕಿವಿಗಡಚಿಕ್ಕುವ ಸದ್ದಿನ ನಡುವೆ, ಅಂಗಾತ ಮಲಗಿ ಮಾತನಾಡಬೇಕು. ಚಿತ್ರದಲ್ಲಿ ಹಲ್ಲು ಮಾತ್ರ ಕಾಣದು. ನೀರಿನಂಶ ಅತ್ಯಲ್ಪವಾದ್ದರಿಂದ ಆ ಸ್ಥಳ ಬರಿಯ ಕಪ್ಪು.

ಇದೇ ಬಗೆಯ ಯಂತ್ರ, ಮಿದುಳಿನ ಯಾವ ಭಾಗ ಕಾರ್ಯನಿರತವಾಗಿದೆಯೆಂಬುದನ್ನು ರಕ್ತದಲ್ಲಾಗುವ ಬದಲಾವಣೆಯ ಮೂಲಕ ಸೂಚಿಸಬಲ್ಲುದು. ಬಾಯಿ, ಮಿದುಳು ಎರಡನ್ನೂ ಜೋಡಿಸಿ ನೋಡಿದವರು ಲಂಡನ್ ವಿಶ್ವವಿದ್ಯಾನಿಲಯದ ರಾಯಲ್ ಹಾಲೋವೇ ಕಾಲೇಜಿನ ಡ್ಯಾನಿಯಲ್ ಕ್ಯಾರಿ, ಕ್ಯಾರೊಲಿನ್ ಮೆಕ್‌ಗೆಟಿಗನ್ ಮೊದಲಾದವರು. ತಮ್ಮ ಭಾಷೆಯ ಒಂದು ಸ್ವರವನ್ನೂ, ಅದನ್ನೇ ಹೋಲುವ, ಆದರೆ ತುಟಿಯನ್ನು ದುಂಡಗೆ ಮಾಡಿ ನುಡಿಯಬೇಕಾದ ಪರಭಾಷೆಯ ಸ್ವರವನ್ನೂ ಅನುಕರಿಸಲು ಅಭ್ಯಾಸಮಾಡಿಸಿ, ಬಳಿಕ ಅದೇ ವ್ಯಕ್ತಿಗಳ ಬಾಯಿಯನ್ನೊಮ್ಮೆ, ಮಿದುಳನ್ನೊಮ್ಮೆ ಅವರು ಚಿತ್ರಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ ಸ್ವಾರಸ್ಯವಾಗಿದೆ. ಧ್ವನಿಯನ್ನು ಕೇಳಿಯಾಗಿದೆ, ಇನ್ನೂ ಉಚ್ಚರಿಸಿಲ್ಲ. ಆ ನಡುವಣ ಕ್ಷಣದಲ್ಲಿಯೇ, ಬಾಯಿ ತಳೆಯಬೇಕಾದ ಆಕಾರದ ಅಥವಾ ಹೊರಡಬೇಕಾದ ಧ್ವನಿಯ ಪಡಿಯಚ್ಚು ಮಿದುಳಿನ ಹಲವು ಭಾಗಗಳಲ್ಲಿ ಮೂಡಿರುತ್ತದೆ. ಪರಭಾಷೆಯ ಸ್ವರವಾದರೆ ಆ ಸಿದ್ಧತೆಯ ಶ್ರಮವೂ ಹೆಚ್ಚು.

ಶಬ್ದದ ಹುಟ್ಟಿಗೆ ‘ಜೀವದ ಇಷ್ಟ’ವೂ ಕಾರಣವೆಂದು ಶಬ್ದಮಣಿದರ್ಪಣದ ಕೇಶಿರಾಜನು ಸೂತ್ರಿಸಿರುವುದು ಕನ್ನಡಿಗರಿಗೆ ಇಲ್ಲಿ ನೆನಪಾಗಬಹುದು. ಅವನು ಇದನ್ನೆಲ್ಲ ಮೊದಲೇ ಕಂಡಿದ್ದನೆಂದು ಮೀಸೆ ತಿರುವುವುದು ಮಾತ್ರ ಅತಿಯಾದೀತು. ಅವನು ಹೇಳಿದ್ದು ಕಹಳೆಯಂತೆ ನಾಭಿಯಿಂದೇಳುವ ಗಾಳಿಯನ್ನು ಕುರಿತು. ಮಿದುಳಿನ ಮಾತು ಅಲ್ಲಿಲ್ಲ.

ಎಲ್ಲರ ಮಿದುಳೂ ಒಂದೇ ಅಚ್ಚಿನದೂ ಅಲ್ಲ. ಮಾಂಟ್ರಿಯಲ್‌ನ ಸಂಶೋಧಕರು 2002ರಲ್ಲಿ ವರದಿಮಾಡಿದಂತೆ, ನಮ್ಮ ಭಾಷೆಗಳಲ್ಲಿರುವಂಥ ದಂತ್ಯ ಮೂರ್ಧನ್ಯಗಳ ಭೇದವನ್ನು ಕಿವಿಯಿಂದ ಬೇಗ ಕಲಿತವರ ಮಿದುಳಿನಲ್ಲಿ, ವಿಶೇಷವಾಗಿ ಎಡಭಾಗದ ಒಂದೆಡೆಯಲ್ಲಿ, ನರತಂತುಗಳ ಬಿಳಿಯ ದ್ರವ್ಯ ಹೆಚ್ಚಾಗಿತ್ತು. ಅದು ಹುಟ್ಟಿನಿಂದ ಬಂದ ಭಾಗ್ಯವೋ, ಬಾಲ್ಯದಲ್ಲಿ ಕಿವಿಗೆ ಬಿದ್ದ ಮಾತುಗಳ ಫಲವೋ, ಚಿತ್ರವೊಂದೇ ಹೇಳಲಾರದು. ನೆರೆಮನೆಯ ಅಧಿಕಾರಿಗೆ ಳಕಾರ ಕೈಗೂಡಲು ವಾರ ಸಾಕೋ, ವರ್ಷ ಬೇಕೋ, ಅದನ್ನೂ ಹೇಳಲಾರದು.