ಗೃಹಸ್ಥರೊಡನೆ ನಾಲ್ಕು ಮಾತು: ಬಿಡುವಿಲ್ಲದವರ ಮೈಭಾರ

ಮೈ ಕೈ ತುಂಬಿಕೊಂಡಿರುವುದನ್ನು ನಮ್ಮ ಹಿರಿಯರು ಸುಖದ ಕುರುಹೆಂದೇ ಎಣಿಸುತ್ತಿದ್ದರು. ಮದುವೆಯಾದ ಹುಡುಗಿಯು ಮೊದಲನೆಯ ದೀಪಾವಳಿಗೆ ತವರಿಗೆ ಬಂದಾಗ ಕೊಂಚ ದಪ್ಪವಾಗಿ ಕಂಡರೆ, ಸೇರಿದ ಮನೆ ಒಳ್ಳೆಯದೆಂದು ತಾಯಿಯು ಸಮಾಧಾನಪಡುತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದ ಬರಗಾಲಗಳನ್ನು ಕಂಡ ಜನಕ್ಕೆ ಆ ಎಣಿಕೆಯು ಸಹಜವೇ ಆಗಿದ್ದಿತು. ಆದರೆ ಕಾಲವು ತಿರುಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ, ಹೆಂಗಸರೇ ಆಗಲಿ ಗಂಡಸರೇ ಆಗಲಿ, ನೂರಕ್ಕೆ ಸುಮಾರು 30 ಮಂದಿ ತಕ್ಕ ಅಳತೆಗಿಂತ ಹೆಚ್ಚಿನ ತೂಕವುಳ್ಳವರು. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಮಂಡಿನೋವು ಇವು ಈ ಭಾರದ ಬೆನ್ನು ಹಿಡಿದು ಬರತಕ್ಕ ಅತಿಥಿಗಳು. ಒಮ್ಮೆ ಬಂದರೆ ಸುಲಭವಾಗಿ ಹೊರಡತಕ್ಕವಲ್ಲ.

ಇದು ಪಟ್ಟಣದವರ ಪೀಡೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಅಮ್ಮಸಂದ್ರದ ಕಡೆಯನ್ನೇ ನೋಡಿರಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಡುವಣ ಈ ತೆಂಗಿನ ಸೀಮೆಯಲ್ಲಿ ದುಡಿಮೆಗೆ ಎಂದೂ ಕೊರತೆಯಿಲ್ಲ. ಆದರೆ ದುಡಿಮೆಯ ರೀತಿಯು ಬೇರೆಯಾಗಿದೆ. ತೋಟಕ್ಕೆ ನಡೆದು ಹೋಗುತ್ತಿದ್ದ ರೈತನು ಈಗ ಮೋಟಾರ್ ಸೈಕಲ್ಲಿನ ಮೇಲೆ ಹೋಗಿ ಬರುತ್ತಾನೆ. ಕಪಿಲೆ ಹೊಡೆದು ಎತ್ತುತ್ತಿದ್ದ ನೀರು ಗುಂಡಿಯನ್ನೊತ್ತಿದರೆ ತಾನೇ ಬರುತ್ತದೆ. ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವನಿಗೆ ಹಗಲು ಇರುಳುಗಳ ವ್ಯವಸ್ಥೆಯೇ ಇಲ್ಲ. ರೈಲು ಹಿಡಿದು ತುಮಕೂರಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗತಕ್ಕವರು ಮುಂಜಾನೆ ಕುಳಿತರೆ ಸಾಯಂಕಾಲದವರೆಗೆ ಕುಳಿತೇ ಇರುತ್ತಾರೆ. ಕೊಬ್ಬರಿ ಮಂಡಿಯ ವರ್ತಕರು ಗದ್ದುಗೆಯನ್ನು ಬಿಟ್ಟು ಏಳುವುದು ಊಟಕ್ಕೆ ಮಾತ್ರ. ಇವರೆಲ್ಲರೂ ಹೇಳುವ ಮಾತು ಒಂದೇ: "ಮೈ ಇಳಿಸಬೇಕೆಂದು ಆಸೆಯುಂಟು, ಆದರೆ ಬಿಡುವೆಲ್ಲಿದೆ?"

ಈ ಮಾತು ಸುಳ್ಳಲ್ಲ. ಆದರೆ ಮೈ ಇಳಿಸುವುದಕ್ಕೆ ಪ್ರತ್ಯೇಕವಾದ ಬಿಡುವು ಬೇಕೆಂಬ ತಿಳಿವಳಿಕೆಯೇ ತಪ್ಪೆಂದು ನನ್ನ ಅಭಿಪ್ರಾಯ. ಯುಗಾದಿಯ ದಿನ ಮಹಾ ಸಂಕಲ್ಪವನ್ನು ಮಾಡಿ, ಅನ್ನವನ್ನು ಪೂರ್ತಿಯಾಗಿ ಬಿಟ್ಟು, ನಸುಕಿನಲ್ಲೆದ್ದು ಹರದಾರಿ ದೂರ ಓಡಿ, ಶ್ರೀರಾಮನವಮಿಯ ಪಾನಕ ಕೋಸಂಬರಿಗಳೊಡನೆ ವ್ರತವನ್ನು ಸಮಾಪ್ತಿಗೊಳಿಸಿದವರು ಎಷ್ಟೋ ಮಂದಿ ಇದ್ದಾರೆ. ಇನ್ನು ಕೆಲವರು ಹಟ ಹಿಡಿದು ಎರಡು ತಿಂಗಳು ಅರೆಹೊಟ್ಟೆಯಲ್ಲಿದ್ದು ಏಳೆಂಟು ಕಿಲೋಗ್ರಾಂ ಕಳೆದು, ಹಟ ಮುಗಿದ ಮೇಲೆ ಕಳೆದುದಕ್ಕಿಂತ ಹೆಚ್ಚಾಗಿ ಪಡೆಯುತ್ತಾರೆ. ದೇಹವು ತನ್ನ ಶೇಖರವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಊಟವು ಒಮ್ಮೆಗೇ ಕಡಮೆಯಾದರೆ ಅದು ತನ್ನ ವೆಚ್ಚವನ್ನು ತಗ್ಗಿಸುವುದು, ಹಸಿವನ್ನು ಹೆಚ್ಚಿಸುವುದು; ಮೇದಸ್ಸಿನ ಜೊತೆಯಲ್ಲಿ ಮಾಂಸಖಂಡವನ್ನೂ ಕರಗಿಸುವುದು. ಆದುದರಿಂದ, ಹತ್ತು ವರ್ಷ ನಡೆಸಲಾಗದ ನಿಯಮವನ್ನು ಹತ್ತು ದಿನವೂ ಹಿಡಿಯತಕ್ಕದ್ದಲ್ಲ.

ನಮ್ಮ ಪ್ರಾಚೀನರು ಇದನ್ನು ಅರಿಯದವರಾಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿ ಸ್ಥೂಲನ ವಿಚಾರವು ವಿಸ್ತಾರವಾಗಿ ಬಂದಿದೆ. ಅತಿಯಾದ ಊಟ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ದೆ ಇವುಗಳೊಡನೆ ಬೀಜಸ್ವಭಾವವನ್ನೂ, ಎಂದರೆ ತಾಯಿತಂದೆಗಳಿಂದ ಬಂದ ಗುಣವನ್ನೂ, ಆಚಾರ್ಯನು ಕಾರಣವಾಗಿ ಹೇಳುತ್ತಾನೆ. ಸ್ಥೂಲನಿಗೆ ಹಸಿವು ಬಾಯಾರಿಕೆಗಳು ಹೆಚ್ಚೆಂಬುದನ್ನು ರೋಗಲಕ್ಷಣವೆಂದು ಎಣಿಸುತ್ತಾನೆಯೇ ಹೊರತು ನಡತೆಯ ದೋಷವೆಂದು ಹಳಿಯುವುದಿಲ್ಲ. ದಪ್ಪಗಿರುವ ಮಗುವನ್ನು ನೆಂಟರೆದುರಿಗೆ ಹಾಸ್ಯ ಮಾಡುವ ಮನೆಯವರು ಇದನ್ನು ಗಮನಿಸಬೇಕು. ಸ್ಥೌಲ್ಯವನ್ನು ಕಳೆಯಲಿಚ್ಛಿಸುವವನು ವ್ಯಾಯಾಮ, ಜಾಗರಣೆ, ಚಿಂತನೆ ಇವುಗಳನ್ನು ಹೆಚ್ಚಿಸಬೇಕೆಂದು ಹೇಳುವಲ್ಲಿ ಆತನು "ಕ್ರಮೇಣ" ಎಂಬ ಒಂದು ಪದವನ್ನು ಸೇರಿಸಿದ್ದಾನೆ. ಔಷಧವೆಲ್ಲ ಆ ಪದದಲ್ಲಿಯೇ ಅಡಗಿದೆ. ಚಿಂತೆಯಿಂದ ಮೈ ಇಳಿಯುವುದೆಂಬ ಮಾತು ಮಾತ್ರ ಈ ಕಾಲಕ್ಕೆ ಹೊಂದುವಂತಿಲ್ಲ. ನಮ್ಮ ಗುಮಾಸ್ತರಿಗೆ ಚಿಂತೆ ಬಂದರೆ ಕಾಲು ಬೋಂಡದ ಅಂಗಡಿಯ ಕಡೆಗೆ ತಿರುಗುವುದು.

ಅದೇ ಗ್ರಂಥದ 7ನೆಯ ಅಧ್ಯಾಯದಲ್ಲಿ ಇನ್ನೊಂದು ಉಪಾಯವಿದೆ. ರೂಢಿಯಾಗಿಹೋದ ಅಹಿತವನ್ನು ಒಂದೇ ಸಲಕ್ಕೆ ಬಿಡದೆ ಕಾಲು ಕಾಲು ಭಾಗವಾಗಿ ಬಿಡುತ್ತ, ಬಿಟ್ಟ ಭಾಗದ ಸ್ಥಾನದಲ್ಲಿ ಹಿತವಾದುದನ್ನು ಅಷ್ಟಷ್ಟೇ ತುಂಬುತ್ತ ಹೋಗಬೇಕೆಂದು ಅಲ್ಲಿ ವಿಧಿಸಿದೆ. ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಕೊಳ್ಳುವವರು ಒಂದು ವಾರ ಒಂದೂವರೆ, ಮುಂದಿನ ವಾರ ಒಂದು, ಆಮೇಲೆ ಅರ್ಧ ಎಂದು ಇಳಿಸಿದರೆ ನಾಲಗೆಗೆ ತಿಳಿಯದಂತೆಯೇ ಸಕ್ಕರೆಯು ಬಿಟ್ಟುಹೋಗುವುದು. ಇದಕ್ಕೆ ಬಿಡುವೇನೂ ಬೇಕಾಗಿಲ್ಲ.

ಇನ್ನು ಲೆಕ್ಕವನ್ನು ನೋಡೋಣ. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯು ನಮ್ಮ ದೇಶದವರಿಗೆ 23ಕ್ಕಿಂತ ಕಡಮೆಯಿರಬೇಕೆಂದೂ, 25ನ್ನು ಮುಟ್ಟಿದರೆ ಸ್ಥೌಲ್ಯವೆಂದೂ ವೈದ್ಯರ ಮತ. ಸೊಂಟದ ಸುತ್ತಳತೆಯು ಗಂಡಸರಿಗೆ 90 ಸೆಂಟಿಮೀಟರನ್ನೂ ಹೆಂಗಸರಿಗೆ 80 ಸೆಂಟಿಮೀಟರನ್ನೂ ಮೀರಬಾರದು. 165 ಸೆಂಟಿಮೀಟರ್ ಎತ್ತರವೂ 74 ಕಿಲೋಗ್ರಾಂ ತೂಕವೂ ಇರುವವರಿಗೆ ಆ ಸಂಖ್ಯೆಯು ಸುಮಾರು 27 ಆಗುವುದು. ಇವರು ಒಂದೇ ನೆಗೆತಕ್ಕೆ 62ಕ್ಕೆ ಇಳಿಯಬೇಕಾಗಿಲ್ಲ. ಆರು ತಿಂಗಳಲ್ಲಿ 5 ಕಿಲೋಗ್ರಾಂ ಇಳಿಸಿದರೆ ಅದೇ ದೊಡ್ಡ ಲಾಭ. ವಾರಕ್ಕೆ 200 ಗ್ರಾಮಿನಷ್ಟೂ ಆಗಲಿಲ್ಲ. ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿಯು ಅಡಗಿದೆಯೆಂದಿಟ್ಟುಕೊಂಡರೆ, ದಿನಕ್ಕೆ ಸುಮಾರು 210 ಕ್ಯಾಲೊರಿ ಕಡಮೆಯಾದರೆ ಸಾಕು. ದೇಹವು ಹಗುರವಾದಂತೆಲ್ಲ ಅದರ ವೆಚ್ಚವೂ ಇಳಿಯುವುದರಿಂದ ಈ ಲೆಕ್ಕವು ಕಡೆಕಡೆಗೆ ಕೊಂಚ ನಿಧಾನವಾಗುವುದು, ಅದಕ್ಕೆ ಎದೆಗುಂದಬೇಕಾದುದಿಲ್ಲ.

ಈ 210 ಎಲ್ಲಿದೆಯೆಂದು ಹುಡುಕಲು ದೂರ ಹೋಗಬೇಕಾಗಿಲ್ಲ, ಅಡುಗೆಮನೆಯ ಹೊಸ್ತಿಲನ್ನು ದಾಟಿದರೆ ಸಾಕು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಸಣ್ಣ ಚಮಚ ಸಕ್ಕರೆಯಲ್ಲಿ ಸುಮಾರು 20. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚದಂತೆ ಸಕ್ಕರೆಯಾದರೆ, ಅದೊಂದೇ 160 ಆಯಿತು. ಒಗ್ಗರಣೆಗೆ ಎಣ್ಣೆಯನ್ನು ಡಬ್ಬಿಯಿಂದ ನೇರವಾಗಿ ಬಗ್ಗಿಸದೆ ಚಮಚದಲ್ಲಿ ಅಳೆದು ಹಾಕುವುದು ಗೃಹಿಣಿಯರಿಗೆ ಅರೆನಿಮಿಷದ ಕೆಲಸ, ಫಲವು ಮನೆಯವರೆಲ್ಲರಿಗೂ.

ತೆಂಗಿನ ಮಾತನ್ನು ಆಡದೆ ನಮ್ಮ ಸೀಮೆಯಲ್ಲಿ ಊಟದ ಮಾತು ಮುಗಿಯದು. ತೆಂಗನ್ನು ಶತ್ರುವೆಂದು ನಾನು ಹೇಳಲಾರೆ. ಹೇಳಿದರೆ ಊರಿನಲ್ಲಿ ಉಳಿಯಲಾರೆ. ಆದರೆ ಎಳನೀರು, ಹಸಿಕಾಯಿ, ಕೊಬ್ಬರಿ ಈ ಮೂರೂ ಒಂದೇ ಮರದ ಫಲವಾದರೂ ಒಂದೇ ಪದಾರ್ಥವಲ್ಲ. ಎಳನೀರು ಬಹುಮಟ್ಟಿಗೆ ನೀರೇ. ಒಂದು ಬುಂಡೆಯಲ್ಲಿ 50–60 ಕ್ಯಾಲೊರಿ ಇದ್ದೀತು. ಬಲಿತ ಹಸಿಕಾಯಿಯ ತಿರುಳಿನಲ್ಲಿ ಅರ್ಧದಷ್ಟು ನೀರಿದ್ದು, 100 ಗ್ರಾಮಿಗೆ ಸುಮಾರು 350 ಕ್ಯಾಲೊರಿ. ಅದೇ ಕಾಯಿಯು ಅಟ್ಟದ ಮೇಲೆ ಸುಮಾರು ಒಂದು ವರ್ಷ ಕುಳಿತು, ನೀರಿಂಗಿ, ಚಿಪ್ಪಿನೊಳಗೆ ಉಂಡೆಕೊಬ್ಬರಿಯಾಗಿ ಸದ್ದು ಮಾಡತೊಡಗಿದಾಗ 100 ಗ್ರಾಮಿಗೆ 650ನ್ನು ಮೀರುವುದು. ಮಂಡಿಯಲ್ಲಿ ಕುಳಿತು ಮಾತಿನ ಮಧ್ಯೆ ಬಾಯಿಗೆ ಹಾಕಿಕೊಳ್ಳುವ ಕೊಬ್ಬರಿ ಬೆಲ್ಲವು ಒಂದು ಊಟಕ್ಕೆ ಸಮವಾದೀತೆಂಬುದು ಯಾರಿಗೂ ನೆನಪಿರುವುದಿಲ್ಲ. ಚಟ್ನಿಗೆ ಕಾಯಿ ಬೇಡವೆನ್ನುವುದಿಲ್ಲ. ಕಾಯಿಯನ್ನು ಅರ್ಧ ಮಾಡಿ, ಉಳಿದರ್ಧಕ್ಕೆ ಹುರಿಗಡಲೆಯನ್ನೋ ಹೀರೆಕಾಯಿಯ ಸಿಪ್ಪೆಯನ್ನೋ ಕೊತ್ತಂಬರಿಯನ್ನೋ ಸೇರಿಸಬಹುದು. ಪಾದಾಂಶದ ಸೂತ್ರವು ಒರಳಿಗೂ ಸಲ್ಲುತ್ತದೆ.

ರಾಗಿಯು ಒಳ್ಳೆಯ ಧಾನ್ಯ. ಆದರೆ ನೇಗಿಲು ಹಿಡಿದವನ ಅಳತೆಯ ಮುದ್ದೆಯನ್ನು ಕುರ್ಚಿಯ ಮೇಲೆ ಕುಳಿತವನು ನುಂಗಿದರೆ ರಾಗಿಯು ಅವನಿಗೆ ವಿನಾಯಿತಿ ತೋರಿಸುವುದಿಲ್ಲ. ಮುದ್ದೆಯ ಗಾತ್ರವು ಕಾಲು ಭಾಗ ಇಳಿಯಲಿ, ಜೊತೆಗಿರುವ ಸೊಪ್ಪು ಕಾಳುಗಳು ಎರಡು ಪಾಲು ಹೆಚ್ಚಲಿ. ಸ್ಥೂಲನಿಗೆ ಕೊಡುವ ಆಹಾರವು ಹೊಟ್ಟೆಯನ್ನು ತುಂಬಬೇಕು, ಆದರೆ ಮೇದಸ್ಸನ್ನು ಬೆಳೆಯಿಸಬಾರದೆಂಬುದು ಚರಕನ ಆಶಯ. ಆತನು ಎಣಿಸಿರುವ ಧಾನ್ಯಗಳಲ್ಲಿ ನವಣೆ, ಹಾರಕ, ಹೆಸರು, ಹುರುಳಿ, ತೊಗರಿಗಳಿವೆ. ಹುರುಳಿಕಾಳಿನ ಬಸ್ಸಾರಿಗೆ ಇದಕ್ಕಿಂತ ಹೆಚ್ಚಿನ ಪ್ರಶಂಸಾಪತ್ರ ಬೇಕೆ? ರೈಲಿಗೆ ಹೋಗುವವರು ಇಂಥ ಒಂದು ಡಬ್ಬಿಯನ್ನು ಕಟ್ಟಿಕೊಂಡು ಹೋದರೆ ನಿಲ್ದಾಣದ ಕರಿದ ತಿಂಡಿಯ ಆಸೆಯು ತಾನಾಗಿ ತಗ್ಗುವುದು. ಹಸಿವು ಮುಗಿಲು ಮುಟ್ಟಿದ ಮೇಲೆ ವಿವೇಕವನ್ನು ಕರೆದರೆ ಅದು ಬರುವುದಿಲ್ಲ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಮನೆಯವರೆಲ್ಲರಿಗೂ ಬಡಿಸಿ ಕಡೆಯಲ್ಲಿ ಕುಳಿತುಕೊಳ್ಳುವ ಗೃಹಿಣಿಯು ಅನೇಕ ವೇಳೆ ಹಸಿವಿಗಾಗಿ ಉಣ್ಣುವುದಿಲ್ಲ. ಪಾತ್ರೆಯಲ್ಲಿ ಮಿಕ್ಕದ್ದು ಹಾಳಾಗಬಾರದೆಂದು ಉಣ್ಣುತ್ತಾಳೆ. ಪಲ್ಯವು ಮುಗಿದಿರುವುದು, ಅನ್ನವು ಉಳಿದಿರುವುದು. ಅದನ್ನೇ ಸಾರಿನಲ್ಲಿ ಕಲಸಿ ತೀರಿಸುತ್ತಾಳೆ. ಮಕ್ಕಳು ತಟ್ಟೆಯಲ್ಲಿ ಬಿಟ್ಟ ದೋಸೆಯ ತುಂಡೂ ಅವಳ ಪಾಲೇ. ಹೀಗೆ ವರ್ಷಕ್ಕೆ ಎರಡು ಕಿಲೋಗ್ರಾಂ ಏರಿದರೆ ಹತ್ತು ವರ್ಷಕ್ಕೆ ಇಪ್ಪತ್ತು. ಆಮೇಲೆ "ನೀನು ನಡೆದಾಡುವುದಿಲ್ಲ" ಎಂದು ಗಂಡನು ಅವಳಿಗೆ ಉಪದೇಶಿಸುವುದು ನ್ಯಾಯವೆ? ಅಕ್ಕಿಯನ್ನು ಅಳೆದು ಬೇಯಿಸುವುದು, ಎಲ್ಲರೂ ಒಟ್ಟಿಗೆ ಕುಳಿತು ಪಲ್ಯವನ್ನು ಸಮನಾಗಿ ಹಂಚಿಕೊಳ್ಳುವುದು, ಊಟದ ಮೇಲೆ ಒಬ್ಬರಾದರೂ ಪಾತ್ರೆಗೆ ಕೈ ಕೊಟ್ಟು ಅವಳಿಗೆ ಅರ್ಧ ಗಂಟೆಯನ್ನು ಮಿಗಿಸುವುದು, ಇವು ಗಂಡಮಕ್ಕಳು ಮಾಡಬೇಕಾದ ಚಿಕಿತ್ಸೆ. ಒಬ್ಬರ ಮೈಭಾರವು ಒಬ್ಬರದೇ ಅಲ್ಲ, ಅದು ಮನೆಯ ವ್ಯವಸ್ಥೆಯ ಫಲ.

ವ್ಯಾಯಾಮವನ್ನು ಕುರಿತು ಸಂಕ್ಷೇಪವಾಗಿ ಹೇಳುವೆನು. ವಾರಕ್ಕೆ ಕಡಮೆಯೆಂದರೆ 150 ನಿಮಿಷ ಸಾಧಾರಣ ಶ್ರಮ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ, ಹೀಗೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ಇದನ್ನು ಹತ್ತು ಹತ್ತು ನಿಮಿಷಗಳಾಗಿ ಒಡೆದುಕೊಂಡರೂ ಸಲ್ಲುವುದು. ನಿಲ್ದಾಣಕ್ಕೆ ನಡೆದು ಹೋಗುವುದು, ರೈಲು ತಡವಾದಾಗ ಪ್ಲಾಟ್‌ಫಾರಮ್ಮಿನ ಈ ಕೊನೆಯಿಂದ ಆ ಕೊನೆಗೆ ಅಡ್ಡಾಡುವುದು, ಮಧ್ಯಾಹ್ನದ ಊಟದ ಮೇಲೆ ಸುತ್ತು ಹೊಡೆಯುವುದು, ತೋಟಕ್ಕೆ ವಾಹನವಿಲ್ಲದೆ ಹೋಗುವುದು, ಇವೇ ದಿನಕ್ಕೆ ಮೂವತ್ತು ನಿಮಿಷವಾದುವು. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಅಷ್ಟಾಂಗಹೃದಯದಲ್ಲಿ ವಾಗ್ಭಟನು ಹೇಳುತ್ತಾನೆ. ನಡೆಯುವಾಗ ಮಾತನಾಡಲು ಸಾಧ್ಯವಾಗಿ, ಹಾಡಲು ಮಾತ್ರ ಉಸಿರು ಸಾಲದಿದ್ದರೆ ವೇಗವು ಸರಿಯಾಗಿದೆಯೆಂದು ತಿಳಿಯಿರಿ. ಆದರೆ ಅರ್ಧ ಗಂಟೆಯ ನಡಿಗೆಯಲ್ಲಿ ವೆಚ್ಚವಾಗುವುದು ಸುಮಾರು 100 ಕ್ಯಾಲೊರಿ ಮಾತ್ರ. ನಡೆದೆನೆಂಬ ಗರ್ವದಿಂದ ಎರಡು ಬೋಂಡವನ್ನು ತಿಂದರೆ ನಡಿಗೆಯ ಗಳಿಕೆಯೆಲ್ಲ ಅಂಗಡಿಯಲ್ಲಿಯೇ ಉಳಿಯುವುದು. ಮೈ ಇಳಿಸುವುದು ಮುಖ್ಯವಾಗಿ ಊಟದ ಕೆಲಸ; ಇಳಿದುದನ್ನು ಕಾಯುವುದು ನಡಿಗೆಯ ಕೆಲಸ.

ರಾತ್ರಿಪಾಳಿಯವರು ಕೆಲಸಕ್ಕೆ ಹೊರಡುವ ಮುನ್ನವೇ ಊಟವನ್ನು ಮುಗಿಸಿ, ನಡುರಾತ್ರಿಯಲ್ಲಿ ಮಜ್ಜಿಗೆ, ಹಣ್ಣು, ಹುರಿಗಡಲೆಗಳಿಂದ ತೃಪ್ತರಾಗುವುದು ಲೇಸು. ಹಗಲಿನ ನಿದ್ದೆಯು ಅವರಿಗೆ ದೋಷವಲ್ಲ, ಅದೇ ಅವರ ರಾತ್ರಿ. ಕೋಣೆಯನ್ನು ಕತ್ತಲೆ ಮಾಡಿ, ಮಕ್ಕಳ ಗದ್ದಲವನ್ನು ತಡೆದು, ಮನೆಯವರು ಅದನ್ನು ಕಾಪಾಡಬೇಕು. ನಿದ್ದೆಗೆಟ್ಟವನಿಗೆ ಹಸಿವು ಹೆಚ್ಚೆಂಬುದು ಇಂದಿನ ವಿಜ್ಞಾನದ ನಿರ್ಣಯ. ಜಾಗರಣೆಯ ವಿಷಯದಲ್ಲಿ ಈಗಿನ ವೈದ್ಯರ ಮಾತನ್ನೇ ಹಿಡಿಯತಕ್ಕದ್ದು.

ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಊಟವನ್ನು ತಗ್ಗಿಸುವ ಮುನ್ನವೂ ಅವರನ್ನು ವಿಚಾರಿಸಬೇಕು. ಗರ್ಭಿಣಿಯರಿಗೆ ಈ ಲೇಖನವು ಸಲ್ಲದು. ಕಾರಣವಿಲ್ಲದೆ ತಾನೇ ತೂಕವು ಇಳಿಯುತ್ತಿದ್ದರೆ ಸಂತೋಷಪಡದೆ ವೈದ್ಯರಲ್ಲಿ ತೋರಿಸಬೇಕು. ಅರವತ್ತು ದಾಟಿದವರು ಬೇಳೆ, ಮೊಸರು, ರೂಢಿಯಿದ್ದರೆ ಮೊಟ್ಟೆ, ಇವನ್ನು ಕಡಮೆ ಮಾಡತಕ್ಕದ್ದಲ್ಲ. ಮೈಯೊಡನೆ ಬಲವೂ ಇಳಿದರೆ ಅದು ನಷ್ಟವೇ.

ಇಷ್ಟು ಅಲ್ಪಸ್ವಲ್ಪದಿಂದ ಏನಾದೀತೆಂದು ಕೇಳುವವರು ಉಂಟು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರನ್ನು ಕುರಿತು ಅಮೆರಿಕಾ ದೇಶದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ನೂರಕ್ಕೆ 7 ಪಾಲು ತೂಕವನ್ನು ಇಳಿಸಿ ವಾರಕ್ಕೆ 150 ನಿಮಿಷ ಶ್ರಮಿಸುವ ಗುರಿಯನ್ನಿಟ್ಟುಕೊಂಡವರಿಗೆ ಆ ಕಾಯಿಲೆಯ ಸಂಭವವು ನೂರಕ್ಕೆ 58ರಷ್ಟು ತಗ್ಗಿತು. 74 ಕಿಲೋಗ್ರಾಮಿಗೆ ಆ 7 ಪಾಲೆಂದರೆ ನಾವು ಮೇಲೆ ಲೆಕ್ಕ ಹಾಕಿದ 5 ಕಿಲೋಗ್ರಾಮೇ. ನಮ್ಮ ದೇಶದಲ್ಲಿಯೇ ಚೆನ್ನೈಯ ವೈದ್ಯರು ನಡೆಸಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇನ್ನೂ ಸಮಾಧಾನಕರವಾದುದು. ಅಲ್ಲಿ ಊಟ ನಡಿಗೆಗಳನ್ನು ತಿದ್ದಿಕೊಂಡವರ ತೂಕವು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆದರೂ ಕಾಯಿಲೆಯ ಸಂಭವವು ನೂರಕ್ಕೆ 28ಕ್ಕಿಂತ ಹೆಚ್ಚಾಗಿ ತಗ್ಗಿತು. ತಕ್ಕಡಿಯ ಮುಳ್ಳು ಅಲುಗದ ವಾರಗಳಲ್ಲಿಯೂ ಒಳಗೆ ಒಳ್ಳೆಯದು ನಡೆಯುತ್ತಲೇ ಇರುತ್ತದೆಂಬುದು ಇದರ ತಾತ್ಪರ್ಯ.

ಆದಕಾರಣ ವಾಚಕರು ಈ ತಿಂಗಳು ಎರಡೇ ಎರಡನ್ನು ಆರಿಸಿಕೊಳ್ಳಲಿ. ಊಟದಲ್ಲಿ ಒಂದು, ನಡಿಗೆಯಲ್ಲಿ ಒಂದು. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿನಲ್ಲಿ ತೂಕವನ್ನು ನೋಡಿ ಪಂಚಾಂಗದ ಅಂಚಿನಲ್ಲಿ ಬರೆದಿಡಲಿ. ಹಬ್ಬ ಬಂದರೆ ಹೋಳಿಗೆಯನ್ನು ಸಂತೋಷವಾಗಿ ತಿನ್ನಲಿ. ಮಾರನೆಯ ದಿನ ನಿಯಮಕ್ಕೆ ಹಿಂದಿರುಗಲಿ. ಒಂದು ದಿನ ತಪ್ಪಿತೆಂದು ವ್ರತವನ್ನೇ ಬಿಡುವುದು, ಒಂದು ಸಸಿ ಒಣಗಿತೆಂದು ತೋಟವನ್ನೇ ಬಿಟ್ಟಂತೆ. ನಮ್ಮ ತೆಂಗು ಫಲ ಕೊಡಲು ಎಷ್ಟು ವರ್ಷಗಳನ್ನು ತೆಗೆದುಕೊಳ್ಳುವುದೆಂಬುದನ್ನು ಬಲ್ಲ ಜನಕ್ಕೆ ಆರು ತಿಂಗಳ ತಾಳ್ಮೆಯನ್ನು ಹೊಸದಾಗಿ ಬೋಧಿಸಬೇಕಾದುದಿಲ್ಲ.