ಕಾವಲಿಯ ಮುಂದೆ ಕೂತು ಕೇಳಲು ನಾಚಿಕೆ ಯಾಕೆ?

ವಿಸಿಟ್ ವೀಸಾದಲ್ಲಿ ಗಲ್ಫಿಗೆ ಹೋಗಿ ಬಂದ ಹಿರಿಯರು ಹೇಳುವ ಸುದ್ದಿಗಳಲ್ಲಿ ಈಗ ಹೊಸದೊಂದು ಸೇರಿಕೊಂಡಿದೆ. ಮಗನೋ ಅಳಿಯನೋ ಜಪಾನಿನ ತೆಪ್ಪನ್ಯಾಕಿ ಹೋಟೆಲಿಗೆ ಕರ್ಕೊಂಡು ಹೋದದ್ದು, ಅಲ್ಲಿ ಕಣ್ಣೆದುರೇ ಅಡುಗೆ ಮಾಡುವುದು, ಮೊಟ್ಟೆ ಎಸೆದು ಟೋಪಿಯಲ್ಲಿ ಹಿಡಿಯುವುದು, ಬೆಂಕಿ ಎಬ್ಬಿಸುವುದು. ಎಲ್ಲವನ್ನೂ ಖುಷಿಯಿಂದ ಹೇಳುತ್ತಾರೆ. 'ಊಟ ಹೇಗಿತ್ತು?' ಎಂದು ಕೇಳಿದರೆ ಮಾತ್ರ ಸ್ವರ ಇಳಿಯುತ್ತದೆ. 'ಬಿಳಿ ಅನ್ನ ಸ್ವಲ್ಪ ತಿಂದೆ. ಮಕ್ಕಳ ಮುಖ ನೋಡಿ ಸುಮ್ಮನೆ ಕೂತೆ.' ಹಲಾಲೋ ಅಲ್ಲವೋ ಎಂಬ ಸಂಶಯ ಹೊಟ್ಟೆಯೊಳಗೇ ಉಳಿಯಿತು, ಬಾಯಿಗೆ ಬರಲಿಲ್ಲ. ಮಗನಿಗೂ ಕೇಳಲು ಸಂಕೋಚ, ಉಪ್ಪನಿಗೂ ಹೇಳಲು ಸಂಕೋಚ. ಇದು ನಮ್ಮ ಎಷ್ಟೋ ಮನೆಗಳ ಕತೆ.

ಮೊದಲು ಈ ಅಡುಗೆ ಏನೆಂದು ನೋಡುವಾ. ಜಪಾನಿ ಭಾಷೆಯಲ್ಲಿ 'ತೆಪ್ಪನ್' ಅಂದರೆ ಕಬ್ಬಿಣದ ಹಲಗೆ, 'ಯಾಕಿ' ಅಂದರೆ ಸುಟ್ಟದ್ದು, ಹುರಿದದ್ದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಾವಲಿ ಅಡುಗೆ. ನಮ್ಮ ಹೋಟೆಲುಗಳಲ್ಲಿ ಪರೋಟ ಬೇಯಿಸುವ ದೊಡ್ಡ ಕಾವಲಿಯ ಮೂರು ಬದಿಗೆ ಮೇಜು ಕಟ್ಟಿ, ಗಿರಾಕಿಗಳನ್ನು ಸುತ್ತ ಕೂರಿಸಿದರೆ ಹೇಗಿರುತ್ತದೋ ಹಾಗೆ. ಇದು ಸಾವಿರಾರು ವರ್ಷದ ಸಂಪ್ರದಾಯ ಎಂದು ತಿಳಿದವರಿದ್ದಾರೆ. ಹಾಗೇನಿಲ್ಲ. ಕೋಬೆ ನಗರದ 'ಮಿಸೊನೊ' ಎಂಬ ಹೋಟೆಲು 1945ರಲ್ಲಿ ಇದನ್ನು ಶುರುಮಾಡಿತು ಎನ್ನುತ್ತಾರೆ. ಕಬ್ಬಿಣದ ಹಲಗೆಯ ಮೇಲೆ ಮಾಂಸ ಬೇಯಿಸುವುದು ಜಪಾನೀಯರಿಗಿಂತ ಹೆಚ್ಚಾಗಿ ಅಲ್ಲಿದ್ದ ವಿದೇಶಿಯರಿಗೆ ಹಿಡಿಸಿತು. 1964ರಲ್ಲಿ ಹಿರೊಆಕಿ ಅಓಕಿ ಎಂಬ ಜಪಾನಿ ಯುವಕ ನ್ಯೂಯಾರ್ಕಿನಲ್ಲಿ ನಾಲ್ಕೇ ಮೇಜುಗಳ 'ಬೆನಿಹಾನ' ತೆರೆದ. ಕುಸ್ತಿಪಟುವಾಗಿದ್ದವನು, ಹಾರ್ಲೆಮ್ ಬೀದಿಗಳಲ್ಲಿ ಐಸ್‌ಕ್ರೀಂ ಗಾಡಿ ಓಡಿಸಿ ದುಡ್ಡು ಕೂಡಿಟ್ಟವನು. ಚೂರಿ ತಿರುಗಿಸುವುದು, ಈರುಳ್ಳಿ ಬಿಲ್ಲೆಗಳನ್ನು ಪೇರಿಸಿ ಜ್ವಾಲಾಮುಖಿ ಮಾಡುವುದು, ಈ ಆಟಗಳೆಲ್ಲ ಹೆಸರಾದದ್ದು ಅಮೆರಿಕದಲ್ಲಿ. ಪರವೂರಿಗೆ ಹೋಗಿ ಸಣ್ಣ ಹೋಟೆಲಿನಿಂದ ಬದುಕು ಕಟ್ಟಿದವರ ಕತೆ ನಮ್ಮ ಜನಕ್ಕೆ ಹೊಸತಲ್ಲ.

ಇಷ್ಟನ್ನು ಹೇಳಲು ಕಾರಣ ಉಂಟು. ಗಿರಾಕಿಯ ನಾಲಿಗೆಗೆ ತಕ್ಕಂತೆ ಬೆಳೆದು ಬಂದ ಅಡುಗೆ ಇದು. ಆದ್ದರಿಂದ 'ನನಗೆ ಆ ಸಾಸ್ ಬೇಡ, ಉಪ್ಪು, ಬೆಳ್ಳುಳ್ಳಿ, ಕಾಳುಮೆಣಸು ಸಾಕು' ಎಂದು ಹೇಳಿದರೆ ಯಾರ ಸಂಸ್ಕೃತಿಗೂ ಅವಮಾನ ಆಗುವುದಿಲ್ಲ.

ಹಾಗಾದರೆ ಕೇಳಬೇಕಾದದ್ದು ಏನು? ಮೊದಲನೆಯದು ಮಿರಿನ್. ಅದು ಅಕ್ಕಿಯಿಂದ ಮಾಡುವ ಸಿಹಿ ಮದ್ಯ. ನಿಜವಾದ ಮಿರಿನ್‌ನಲ್ಲಿ ಆಲ್ಕೋಹಾಲ್ ಸುಮಾರು ಶೇ. 14ರಷ್ಟು ಇರುತ್ತದೆ. ತೆರಿಯಾಕಿ ಸಾಸಿನ ಹೊಳಪು, ಸಿಹಿ ಹೆಚ್ಚಾಗಿ ಇದರಿಂದಲೇ ಬರುವುದು. ಎರಡನೆಯದು ಸಾಕೆ. ಅದೂ ಅಕ್ಕಿಯ ಮದ್ಯವೇ. ಮೂರನೆಯದು ಆ ಬೆಂಕಿ. ಮಕ್ಕಳು ಫೋನ್ ಎತ್ತಿ ಹಿಡಿಯುವ ಜ್ವಾಲೆ ಕೆಲವು ಕಡೆ ಬರೀ ಎಣ್ಣೆಯದ್ದು, ಕೆಲವು ಕಡೆ ಸಾಕೆಯದ್ದೋ ಬ್ರಾಂಡಿಯದ್ದೋ. 'ಬೆಂಕಿಯಲ್ಲಿ ಎಲ್ಲ ಹಾರಿ ಹೋಗ್ತದೆ' ಎಂದು ಸಮಾಧಾನ ಹೇಳುವವರಿದ್ದಾರೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ ಹಾಗೆ ಜ್ವಾಲೆ ಎಬ್ಬಿಸಿದ ಅಡುಗೆಯಲ್ಲಿ ಶೇ. 75ರಷ್ಟು ಆಲ್ಕೋಹಾಲ್ ಉಳಿದೇ ಇರುತ್ತದೆ. ಅರ್ಧ ಗಂಟೆ ಕುದಿಸಿದರೂ ಶೇ. 35ರಷ್ಟು ಉಳಿಯುತ್ತದೆ. ಹಾರಿ ಹೋಗುವ ಮಾತು ಅಷ್ಟು ಸುಲಭದ್ದಲ್ಲ.

ನಾಲ್ಕನೆಯದು ಮಾಂಸ. 'ವಾಗ್ಯು' ಎಂದು ಮೆನುವಿನಲ್ಲಿ ದೊಡ್ಡದಾಗಿ ಬರೆದಿರುತ್ತದೆ. ಅದು ಜಾನುವಾರಿನ ತಳಿಯ ಹೆಸರು, ಕೊಯ್ದ ರೀತಿಯದ್ದಲ್ಲ. ಹಲಾಲ್ ಸರ್ಟಿಫಿಕೇಟ್ ಇರುವ ವಾಗ್ಯು ಆಸ್ಟ್ರೇಲಿಯದಿಂದಲೂ ಬರುತ್ತದೆ. ಆದ್ದರಿಂದ ಕೇಳಿದರೆ ಉತ್ತರ ಸಿಗುತ್ತದೆ. ಐದನೆಯದು ಕಾವಲಿ. ಬಹುಪಾಲು ಬ್ಯಾರಿಗಳು ಶಾಫಿ ಮದ್ಹಬಿನವರು. ಸಿಗಡಿ, ಬೊಂಡಾಸ್ ತಿನ್ನಲು ನಮಗೆ ತಡೆಯಿಲ್ಲ. ಹಾಗಾಗಿ 'ಮೀನು ತಿಂದರಾಯ್ತು' ಎಂದು ಎಷ್ಟೋ ಮಂದಿ ಅಂದುಕೊಳ್ಳುತ್ತಾರೆ. ಆದರೆ ಸ್ವಲ್ಪ ಹೊತ್ತಿನ ಹಿಂದೆ ಅದೇ ಕಾವಲಿಯಲ್ಲಿ ಹಂದಿಮಾಂಸ ಬೆಂದಿದ್ದರೆ? ಅಡುಗೆಯವನು ಬಟ್ಟೆಯಿಂದ ಒರೆಸಿದರೆ ಅದು ಶುದ್ಧಿಯಾಗುವುದಿಲ್ಲ ಎಂಬುದು ಮದ್ರಸದಲ್ಲಿ ಕಲಿತ ಮಕ್ಕಳಿಗೂ ಗೊತ್ತು. ದುಬೈಯಂಥ ಊರಲ್ಲಿ ಪರವಾನಗಿ ಇರುವ ಹೋಟೆಲುಗಳಲ್ಲಿ ಮದ್ಯವೂ ಹಂದಿಮಾಂಸವೂ ಸಿಗುತ್ತದೆ. ಗಲ್ಫ್ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕೂರುವ ಹಾಗಿಲ್ಲ.

ಸೋಯಾ ಸಾಸಿನ ವಿಷಯ ಬೇರೆ. ಅದು ಹುದುಗುವಾಗಲೇ ಅಲ್ಪ ಪ್ರಮಾಣದ ಆಲ್ಕೋಹಾಲ್ ತಾನಾಗಿ ಹುಟ್ಟುತ್ತದೆ. ಅದರ ವಿಧಿ ಏನೆಂದು ಹೇಳುವುದು ಪತ್ರಿಕೆಯ ಕೆಲಸವಲ್ಲ. ತಮ್ಮ ಉಸ್ತಾದರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಹಲಾಲ್ ಮುದ್ರೆಯ ಸೋಯಾ ಸಾಸ್‌ಗಳೂ ಮಾರುಕಟ್ಟೆಯಲ್ಲಿವೆ.

ಇಷ್ಟೆಲ್ಲ ಪ್ರಶ್ನೆ ಕೇಳಿದರೆ ಜನ ಏನೆಂದುಕೊಂಡಾರು ಎಂಬುದು ನಮ್ಮ ಯುವಕರ ಅಳುಕು. ಪಕ್ಕದ ಕುರ್ಚಿಯವನು ತನಗೆ ಸಿಗಡಿ ಆಗುವುದಿಲ್ಲ, ಅಲರ್ಜಿ ಎಂದು ಗಟ್ಟಿಯಾಗಿ ಹೇಳುತ್ತಾನೆ. ಇನ್ನೊಬ್ಬ ತಾನು ಸಸ್ಯಾಹಾರಿ, ಕಾವಲಿ ಬೇರೆ ಬೇಕು ಎನ್ನುತ್ತಾನೆ. ಅವರಿಗಿಲ್ಲದ ನಾಚಿಕೆ ನಮಗೇಕೆ? ಬೇರೆ ಹೋಟೆಲುಗಳಲ್ಲಿ ಅಡುಗೆ ಗೋಡೆಯ ಆಚೆ ನಡೆಯುತ್ತದೆ, ಬಡಿಸುವವನಿಗೇ ಎಷ್ಟೋ ಸಲ ಏನೂ ಗೊತ್ತಿರುವುದಿಲ್ಲ. ಇಲ್ಲಿ ಬೇಯಿಸುವವನೇ ಎದುರಿಗೆ ನಿಂತಿದ್ದಾನೆ, ಬಾಟಲಿಗಳು ಕಣ್ಣಿಗೆ ಕಾಣುತ್ತವೆ. ಕೇಳಲು ಇದಕ್ಕಿಂತ ಸುಲಭದ ಜಾಗ ಇನ್ನೊಂದಿಲ್ಲ.

ಆದರೆ ಕೇಳುವ ಹೊತ್ತು ಮುಖ್ಯ. ಕಾವಲಿ ಕಾದ ಮೇಲೆ, ಉಪ್ಪ ಉಮ್ಮ ಕೂತ ಮೇಲೆ ಅಲ್ಲ. ಒಂದು ದಿನ ಮೊದಲೇ ಫೋನ್ ಮಾಡಿ ಕೇಳಿ: ಮಾಂಸ ಹಲಾಲಾ? ಹಂದಿ ಬೇಯಿಸುವ ಕಾವಲಿ ಬೇರೆ ಉಂಟಾ? ಮಿರಿನ್, ಸಾಕೆ ಇಲ್ಲದೆ ಮಾಡಿಕೊಡುತ್ತೀರಾ? ಇನ್ನೊಂದು ಮಾತು. ಇಂಥ ಹೋಟೆಲುಗಳಲ್ಲಿ ಒಂದು ಮೇಜಿಗೆ ಎಂಟರಷ್ಟು ಮಂದಿಯನ್ನು, ಪರಿಚಯವಿಲ್ಲದವರನ್ನೂ ಒಟ್ಟಿಗೆ ಕೂರಿಸುವುದುಂಟು. ಪರ್ದಾ ಹಾಕುವ ಉಮ್ಮನಿಗೆ, ತಂಗಿಗೆ ಅದು ಇರುಸುಮುರುಸು. ಮನೆಯವರಿಗೇ ಒಂದು ಮೇಜು ಬೇಕೆಂದು ಆಗಲೇ ಹೇಳಿ ಇಡಿ. ಉತ್ತರ ಸರಿಯಿಲ್ಲದಿದ್ದರೆ ಬೇರೆ ಹೋಟೆಲು ನೋಡಿ, ಅಷ್ಟೆ.

ನಮ್ಮ ಹೋಟೆಲು ಉದ್ಯಮಿಗಳಿಗೂ ಇದರಲ್ಲಿ ಪಾಠವುಂಟು. ಬೆನಿಹಾನದ ಮೆನುವಿನಲ್ಲಿ ಮೊದಲಿಗೆ ಇದ್ದದ್ದು ದನದ ಮಾಂಸ, ಕೋಳಿ, ಸಿಗಡಿ ಇಷ್ಟೇ. ಸಾಮಾನು ಕೆಟ್ಟು ಹೋಗುವುದು ಕಡಿಮೆ, ಹಿಂದಿನ ಅಡುಗೆಕೋಣೆಗೆ ಬೇಕಾದ ಜಾಗವೂ ಕಡಿಮೆ. ವ್ಯಾಪಾರ ಕಲಿಸುವ ಹಾರ್ವರ್ಡ್ ಶಾಲೆಯಲ್ಲೂ ಇದನ್ನು ಪಾಠ ಮಾಡಿದರು. ಕಾವಲಿಯ ಮೇಲೆ ಕೈ ಆಡಿಸಲು ಬಲ್ಲವರು ನಮ್ಮಲ್ಲಿ ಕಡಿಮೆಯಿಲ್ಲ. ಮಿರಿನ್ ಬದಲು ಸಕ್ಕರೆ, ವಿನೆಗರ್ ಹಾಕಿ ನಂಬಿಕೆಯಿಂದ ತಿನ್ನುವಂಥ ಊಟ ಯಾರಾದರೂ ಕೊಟ್ಟರೆ ಗಿರಾಕಿಗಳಿಗೆ ಬರ ಬಾರದು.

ಹೊರಗೆ ಊಟಕ್ಕೆ ಕರೆದುಕೊಂಡು ಹೋಗುವ ಮಕ್ಕಳ ಪ್ರೀತಿ ದೊಡ್ಡದು. ಸುಪ್ರ ಹಾಸಿ ಒಟ್ಟಿಗೆ ಕೂತು ಉಂಡ ಮನೆಯವರು ಕಾವಲಿಯ ಸುತ್ತ ಕೂತು ಉಂಡರೆ ತಪ್ಪೇನಿಲ್ಲ. ಆದರೆ ಸಾವಿರ ಮೈಲಿ ದಾಟಿ ಬಂದ ಹೆತ್ತವರು ಆ ಮೇಜಿನಲ್ಲಿ ಹಸಿದು ಏಳಬಾರದು. ಅದಕ್ಕೆ ಬೇಕಾದದ್ದು ಎರಡು ನಿಮಿಷದ ಒಂದು ಫೋನ್.